ಭೋಂಗಾದಾಗ ಮುಖ ಕಾಣತೈತೇನ್ರಿ?

ನಲವತ್ಮೂರು ವರ್ಷಕ್ಕ ನಾ ಮುದುಕಿ ಆದೆ. ನನಗ ಗೊತ್ತ ಇರಲಿಲ್ಲ, ಸೊಲ್ಲಾಪುರದ ವ್ಯಾಪಾರಿ ಮಂಡಳದವ್ರು ಹೇಳಿದ ಮ್ಯಾಲ ಗೊತ್ತಾತು.

ಎಪ್ಪತ್ತರ ದಶಕದ ಮಾತಿದು. ನಮ್ಮ ಮನಿಯವ್ರದು ಬಜಾರದಾಗ ಕಾಳಿನ ಅಡತ ಅಂಗಡಿ. ಬಜಾರದ ನಟ್ಟನಡುವ ಒಂದು ಕಂಬ, ಕಂಬಕ್ಕ ಎರಡು ಭೋಂಗಾ, ಅಂದ್ರ ಲೌಡ್‌ಸ್ಪೀಕರ್. ದಿನಾ ಸಂಜಿ ಐದಕ್ಕ ಮಂಡಳದ ಆಫೀಸಿನ್ಯಾಗ ಮೈಕಿನ ಮುಂದ ಕುಂತು ಆವತ್ತಿನ ಸುದ್ದಿ, ಕಾಳಿನ ಧಾರಣಿ ಓದೂದು ರೂಢಿ. ಮೊದಲ ಮರಾಠಿ, ಆಮ್ಯಾಲ ಕನ್ನಡ. ವಳಸಂಗ, ಮೈಂದರ್ಗಿ, ಅಕ್ಕಲಕೋಟಿ ಕಡಿಂದ ಗಾಡಿ ಹೂಡಕೊಂಡು ಬಂದ ರೈತರು ಎತ್ತಿಗೆ ಕಣಿಕಿ ಹಾಕಿ, ಕಂಬದ ಬುಡಕ್ಕ ಕುಂತು ಕೇಳೋರು. ಮರಾಠಿ ಓದಾವ್ರು ಒಬ್ಬ ರಿಟಾಯರ್ ಆದ ಮಾಸ್ತರು. ಕನ್ನಡ ಓದಾಕಿ ನಾನು.

ಈ ಕೆಲಸ ನನಗ್ಯಾಕ ಬಂತು ಅಂದ್ರ, ಮಂಡಳದ ಅಷ್ಟು ಮಂದಿ ಗಂಡಸರೊಳಗ ಕನ್ನಡ ಓದಾಕ ಬರೋರು ಯಾರೂ ಇರಲಿಲ್ಲ. ಅವರ ಮನ್ಯಾಗ ಮಾತು ಕನ್ನಡ, ಜಗಳ ಕನ್ನಡ, ಅಕ್ಷರ ಮಾತ್ರ ಮರಾಠಿ. ನಂದು ತವರು ಅಕ್ಕಲಕೋಟಿ. ನಮ್ಮಪ್ಪ ಹೊಲ ಮನಿ ಇದ್ದಾಂವ, ಮಗಳನ್ನ ಕನ್ನಡ ಸಾಲಿಗೆ ಏಳನೇ ಇಯತ್ತೆತನಕ ಕಳಿಸಿದ್ದ. ಹಿಂದ ಮೈಕಿನ್ಯಾಗ ಕನ್ನಡ ಓದತಿದ್ದವ್ರು ತೀರಿಕೊಂಡ ಮ್ಯಾಲ, ಬ್ಯಾರೆ ದಾರಿ ಇಲ್ಲದ ನನ್ನ ಕರದ್ರು. ಆರು ವರ್ಷ ಓದಿದೆ. ಮೊದಮೊದಲ ಸೆರಗು ಹೊತ್ಕೊಂಡು, ಯಾರ ಮಾರೀನೂ ನೋಡದ ಆಫೀಸಿನ ಮೆಟ್ಟಲಾ ಹತ್ತತಿದ್ದೆ. ಆಮ್ಯಾಲ ಐದು ಯಾವಾಗ ಆಗತೈತಿ ಅಂತ ಕಾಯತಿದ್ದೆ. ಮನ್ಯಾಗ "ಚಹಾ ತಾ" ಅನ್ನೋ ಮಂದಿ ಬಜಾರದಾಗ ನಾ ಹೇಳೂದನ್ನ ಸುಮ್ಮ ಕುಂತು ಕೇಳತಿದ್ರು. ಆ ಹದಿನೈದು ಮಿನಿಟು ನಂದು. ಅದರ ರುಚಿ ನಿಮಗ ಹ್ಯಾಂಗ ಹೇಳಲಿ!

ಹಿಂಗಿರುವಾಗ ಮಂಡಳದ ಅಧ್ಯಕ್ಷರು ಮುಂಬೈಕ ಹೋಗಿ, ಬೀಗರ ಮನ್ಯಾಗ ಟೀವಿ ನೋಡಿ ಬಂದ್ರು. ನಮ್ಮೂರಾಗ ಆಗ ಟೀವಿ ಅಂದ್ರ ಹೆಸರಷ್ಟ ಕೇಳಿದ್ವಿ. ಅದರಾಗ ಒಬ್ಬ ಹರೇದ ಹುಡುಗಿ ತಲ್ಯಾಗ ಹೂ ಮುಡಕೊಂಡು ಸುದ್ದಿ ಓದತಾಳಂತ. ಅಧ್ಯಕ್ಷ ಸಾವಕಾರ್ರ ತಲ್ಯಾಗ ಅದ ಹೊಕ್ಕು ಕುಂತತು. ಎಂಟು ದಿನದಾಗ ನನ್ನ ಕರಿಸಿದ್ರು.

"ವೈನಿ, ನಿಮಗ ಈಗ ವಯಸ್ಸಾತು. ಆರಾಮ ಮಾಡ್ರಿ. ಕಾಲೇಜು ಕಲಿಯೂ ಹುಡುಗಿ ಒಬ್ಬಾಕಿನ್ನ ನೋಡೇವಿ. ಟೀವಿಯಾಗಿನಾಕಿ ಹಂಗ ಇದ್ದಾಳ, ನೋಡಾಕ ಚಂದ."

ನನಗ ಮೈಯೆಲ್ಲಾ ಉರೀತು. "ಸಾವಕಾರ್ರ, ಭೋಂಗಾದಾಗ ಮುಖ ಕಾಣತೈತೇನ್ರಿ?" ಅಂದೆ.

ಅವರು ನಕ್ಕರು. ಬಾಜೂಕ ಕುಂತಿದ್ದ ಮಾಸ್ತರಿಗೆ ಅರವತ್ತೇಳು. ಕಟ್ಟಿಸಿದ ಹಲ್ಲು ಸಡ್ಲಾಗಿ ಮಾತು ಮಾತಿಗೂ ಸೀಟಿ ಹೊಡೀತಿತ್ತು. "ಮತ್ತ ಇವ್ರು?" ಅಂದೆ. "ಅವ್ರು ಅನುಭವಸ್ಥರು," ಅಂದ್ರು. ಶಾಬಾಸ್! ವಯಸ್ಸು ಅವರಿಗೆ ಬಂದ್ರ ಅನುಭವ, ನನಗ ಬಂದ್ರ ಮುಪ್ಪು. ಆವತ್ತು ನಾ ರೊಟ್ಟಿ ಬಡದಿದ್ದು ಓಣಿಗೆಲ್ಲಾ ಕೇಳಿರಬೇಕು. ನಮ್ಮ ಮನಿಯವ್ರು "ಹೋಗ್ಲಿ ಬಿಡು" ಅಂದ್ರು. ಅವರ ಮ್ಯಾಲೂ ಹರಿಹಾಯ್ದೆ.

ಮರುದಿನ ಮಧ್ಯಾಹ್ನ ಆ ಹುಡುಗಿ ನಮ್ಮ ಹಿತ್ತಲ ಬಾಗಲಕ್ಕ ಬಂದು ನಿಂತಿದ್ಲು. ಹತ್ತೊಂಬತ್ತು ವರ್ಷ, ಕಣ್ಣಾಗ ನೀರು.

"ಕಾಕು, ನನಗ ಕನ್ನಡ ಓದಾಕ ಬರಂಗಿಲ್ರಿ. ಮಾತಾಡತೀನಿ ಅಷ್ಟ. ಅವರು ಕೇಳಲೇ ಇಲ್ರಿ. ಈಗ ಹೇಳಿದ್ರ ಅಪ್ಪ ಬೈತಾನ."

ನನಗ ನಗು ಬಂತು. ಮಾರಿ ನೋಡಿ ಆರಿಸ್ಯಾರ, ಓದಾಕ ಬರತೈತೋ ಇಲ್ಲೋ ಅಂತ ಒಬ್ಬರಾದ್ರೂ ಕೇಳಬ್ಯಾಡಾ? ಪರೀಕ್ಷಾ ಮಾಡೂಣಂದ್ರ ಅವರಿಗಾದ್ರೂ ಎಲ್ಲಿ ಬರತಿತ್ತು! ಸುಳ್ಳ್ಯಾಕ ಹೇಳಲಿ, ಮೊದಲ ಅನಿಸಿದ್ದು, ಬೀಳಲಿ, ಬಜಾರೆಲ್ಲಾ ನೋಡಲಿ ಅಂತ. ಆದ್ರ ಆರಿಸಿದವ್ರು ಅವ್ರು. ಅಕೀದೇನು ತಪ್ಪು? ಒಳಗ ಕರದು ಚಹಾ ಕೊಟ್ಟೆ. ಅಕಿ ಕೈಯಾಗಿದ್ದ ಕನ್ನಡ ಪೇಪರಿನ ಸುದ್ದಿ ಎಲ್ಲಾ ಮರಾಠಿ ಅಕ್ಷರದಾಗ ಬರದು ಕೊಟ್ಟೆ. ಹಂಗ ಹನ್ನೆರಡು ದಿನ ನಡೀತು. ನಾ ಬರೀತಿದ್ದೆ, ಅಕಿ ಓದತಿದ್ಲು, ನಡುನಡುವ ಅಕಿಗೆ ಅ ಆ ಇ ಈ ತಿದ್ದಸತಿದ್ದೆ. ಸಂಜಿಗೆ ಅಂಗಡಿ ಕಟ್ಟಿ ಮ್ಯಾಲ ನಿಂತು, ನಾ ಬರದದ್ದು ಇನ್ನೊಬ್ಬಾಕಿ ದನಿಯಾಗ ಕೇಳುವಾಗ ಅಕಿ ಜೋಡಿ ಬಾಯಾಗ ನಾನೂ ಓದತಿದ್ದೆ. ಚಲೋ ಓದತಿದ್ಲು ಅನ್ನೂದು ಬ್ಯಾರೆ ಸಂಕಟ.

ಹದಿಮೂರನೇ ದಿನ ಅಕಿ ಓದೂದು ಇನ್ನೇನು ಮುಗೀಬೇಕು, ಅಕ್ಕಲಕೋಟಿ ಕಡಿಂದ ಬಂದ ಲಾರಿಯಾಂವ ಒಬ್ಬ ಆಫೀಸಿಗೆ ಚೀಟಿ ಕೊಟ್ಟು, ಈಗಿಂದೀಗ ಓದಸಬೇಕಂತ ಅಂದು ನಡದಬಿಟ್ಟ. ಮೈಕ್ ಚಾಲೂ ಇತ್ತು. ಒಳಗಿನ ಮಾತೆಲ್ಲಾ ಕಟ್ಟಿ ಮ್ಯಾಲ ನಿಂತ ನನಗ ಕೇಳಸತಿತ್ತು. "ಇದು ಕನ್ನಡ," ಅಂದ್ರು ಮಾಸ್ತರು, ಸೀಟಿ ಸಮೇತ. "ಓದವ್ವಾ, ಯಾಕ ಸುಮ್ಮ ಕುಂತಿ?" ಅಂದ್ರು ಅಧ್ಯಕ್ಷರು. ಆಮ್ಯಾಲ ಹುಡುಗಿ ದನಿ ಬಂತು:

"ನನಗ ಕನ್ನಡ ಓದಾಕ ಬರಂಗಿಲ್ರಿ. ದಿನಾ ಕಾಕು ಮರಾಠಿ ಅಕ್ಷರದಾಗ ಬರಕೊಡತಿದ್ರು. ಕಾಕು, ಎಲ್ಲಿದ್ದೀರಿ? ಲಗೂನ ಬರ್ರಿ!"

ನಾ ಓಡಿದೆ, ಸೆರಗು ಜಾರಿದ್ದೂ ನೋಡಲಿಲ್ಲ. ಹುಡುಗಿ ಖುರ್ಚಿ ಬಿಟ್ಟು ಎದ್ಲು, ನಾ ಕುಂತೆ. ಚೀಟಿ ಅಕ್ಕಲಕೋಟಿ ಕನ್ನಡ ಸಾಲಿ ಮಾಸ್ತರದು. ಮ್ಯಾಲಿನ ಕಡೆ ಮಳಿ ಭಾಳ ಆಗೇತಿ, ಕತ್ತಲಾಗೂದ್ರಾಗ ಹೊಳಿ ನೀರು ರಸ್ತಾಕ್ಕ ಬರತೈತಿ, ಅಕ್ಕಲಕೋಟಿ ಮೈಂದರ್ಗಿ ಗಾಡಿ ಇವತ್ತು ಬಿಡಬ್ಯಾಡ್ರಿ. ಎರಡು ಸಲ ಓದಿದೆ. ಕಿಡಕ್ಯಾಗ ನೋಡಿದ್ರ, ಹೊಂಟು ನಿಂತಿದ್ದ ರೈತರು ಹೂಡಿದ್ದ ಎತ್ತು ಬಿಚ್ಚಾಕತ್ತಿದ್ರು.

ಅಧ್ಯಕ್ಷರು ಬೆವರು ಒರಸಕೋತ "ಭಾಳ ಉಪಕಾರ ಆತು, ವೈನಿ" ಅಂದ್ರು. ನಾ ಏಳಲಿಲ್ಲ.

"ಇವತ್ತಿಗಷ್ಟೋ, ನಾಳಿಗೂನೋ?"

"ಅದನ್ನ ಆಮ್ಯಾಲ ಮಾತಾಡೂಣು..."

"ಈಗ ಹೇಳ್ರಿ. ಮೈಕ್ ಚಾಲೂ ಐತಿ."

ಅವರು ಮೈಕ್ ನೋಡಿದ್ರು, ಕಿಡಕಿ ಹೊರಗ ನೋಡಿದ್ರು. ಮಂದಿ ಎಲ್ಲಾ ಮಾರಿ ಮ್ಯಾಲ ಮಾಡಿ ನಿಂತಿತ್ತು. ಹುಡುಗಿ ನನ್ನ ಹೆಗಲ ಮ್ಯಾಲ ಕೈ ಇಟ್ಲು.

"ನಾಳಿಗೂ ಬರ್ರಿ," ಅಂದ್ರು ಸಣ್ಣ ದನೀಲೆ.

"ಕೇಳಸಲಿಲ್ರೀ!" ಅಂತ ಕೆಳಗಿಂದ ಯಾರೋ ಒದರಿದ್ರು.

"ನಾಳಿಗೂ ಬರ್ರಿ, ವೈನಿ! ಇಬ್ರೂ ಬರ್ರಿ!"

ಐವತ್ತೆಂಟು ತುಂಬೋತನಕ ಓದಿದೆ ನಾ.