ಮದರಾಸಿನ ದಂಡೆಯಲ್ಲಿ ಸಿಕ್ಕ ಭಾವ

ದೆವ್ವ, ಭೂತ ಎಂದವರನ್ನು ಮುಖಮೂತಿ ನೋಡದೆ ಬೈಯುತ್ತಿದ್ದವನು ನಾನು. ಈಗ ನಂಬಿಕೆ ಬಂದಿದೆ ಎಂದಲ್ಲ. ಆದರೆ ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚೆ ಮದರಾಸಿನ ಸಮುದ್ರದ ದಂಡೆಯಲ್ಲಿ ನಡೆದದ್ದನ್ನು ಏನೆಂದು ಕರೆಯಬೇಕೋ ತಿಳಿಯದು. ನೆನೆದರೆ ಹೆದರಿಕೆಯಾಗುವುದಿಲ್ಲ, ಮೈ ಉರಿಯುತ್ತದೆ.

ನಮ್ಮಕ್ಕ ಗೌರಮ್ಮನನ್ನು ಅರಸೀಕೆರೆಯಿಂದ ಬೇಲೂರಿಗೆ ಕೊಟ್ಟಿತ್ತು. ಭಾವ ಕೆಲಸ ಹುಡುಕಿಕೊಂಡು ಮದರಾಸಿಗೆ ಹೋದ. ಮನೆ ಮಾಡಿ ಕರೆಸಿಕೊಳ್ಳುತ್ತೇನೆ ಎಂದವನಿಂದ ವರ್ಷ ಕಳೆದರೂ ಸುದ್ದಿಯಿಲ್ಲ. ಅತ್ತೆಮನೆಯವರು "ಎಲ್ಲಾ ನಿನ್ನ ಕಾಲ್ಗುಣ" ಎಂದು ಹಂಗಿಸಿ ಅಕ್ಕನನ್ನು ನಮ್ಮಲ್ಲಿಗೆ ಅಟ್ಟಿದರು. ಸಿಟ್ಟಿನಲ್ಲೇ ಅವಳನ್ನು ಕರೆದುಕೊಂಡು ರೈಲು ಹತ್ತಿದೆ. ಮದರಾಸಿನಲ್ಲಿ ಅವನ ಮನೆ ಗೊತ್ತಿರಲಿಲ್ಲ. ಪರಿಚಯದ ಕೊಬ್ಬರಿ ವ್ಯಾಪಾರಿಯೊಬ್ಬರು, "ಅವನು ಸಾಯಂಕಾಲ ದಂಡೆಗೆ ಹೋಗೋನು. ಅಲ್ಲೇ ಹಿಡೀರಿ" ಎಂದರು.

ಅಂದೇ ದಂಡೆಗೆ ಹೋದೆವು, ಬಿಸಿಲು ಇನ್ನೂ ಇತ್ತು. ಬೆಸ್ತರು ಬಲೆ ಎಳೆಯುತ್ತಿದ್ದರು, ಕಡಲೆ ಉಸಲಿಯವರು ಕೂಗುತ್ತಿದ್ದರು, ಮಕ್ಕಳು ಅಲೆಗೆ ಕಾಲೊಡ್ಡಿ ಕಿರುಚುತ್ತಿದ್ದವು. ಆ ಜನದ ನಡುವೆಯೇ ಭಾವ ನಡೆದು ಬಂದ. ನೆನೆದ ಪಂಚೆ, ಬರಿಗಾಲು. ಅಕ್ಕ ಓಡಿ ಎದುರಿಗೆ ನಿಂತಳು.

"ಬಂದ್ಯಾ ಗೌರಾ?" ಎಂದ, ದಿನಾ ನೋಡುವವನ ಹಾಗೆ.

"ನನ್ನ ಯಾಕ್ರೀ ಹಿಂಗೆ ಬಿಟ್ರಿ?" ಎಂದಳು ಅಕ್ಕ.

ಅವನು ಸಮುದ್ರದ ಕಡೆ ಮುಖ ತಿರುಗಿಸಿದ. ನನಗೆ ತಡೆಯಲಾಗದೆ ಕೆನ್ನೆಗೆ ಬಾರಿಸಿದೆ. ಕೆನ್ನೆ ತಣ್ಣಗಿತ್ತು. ಅವನು ಬೈಯಲಿಲ್ಲ, ಕೈಯೆತ್ತಲೂ ಇಲ್ಲ. "ಊರಿಗೆ ಹೋಗು, ಬತ್ತೀನಿ" ಎಂದು ಅಕ್ಕನಿಗೆ ಹೇಳಿ, ಬಲೆ ಎಳೆಯುವವರನ್ನು ದಾಟಿ ಹೋದ. ಬೆನ್ನಟ್ಟಿದೆ. ಅಲ್ಲಿ ಬರೀ ಮರಳು, ನೀರು.

ಮಾರನೆಯ ಬೆಳಿಗ್ಗೆ ಕೇಳಿಕೊಂಡು ಅಲೆದು ಅವನಿದ್ದ ಕೋಣೆ ಪತ್ತೆ ಮಾಡಿದೆವು. ಮನೆಯ ಯಜಮಾನ ಮೈಸೂರು ಕಡೆಯವನೇ. ಅಕ್ಕನನ್ನು ನೋಡಿ ತಲೆ ತಗ್ಗಿಸಿದ. ಭಾವ ಹಿಂದಿನ ವಾರವೇ ಈಜಲು ಹೋಗಿ ಸಮುದ್ರದ ಪಾಲಾಗಿದ್ದನಂತೆ. ಹೆಣವನ್ನು ಗುರುತು ಹಿಡಿದು ಸುಟ್ಟುಬಂದವನೂ ಈತನೇ. ಯಾರಿಗೆ ತಿಳಿಸಬೇಕೋ ಗೊತ್ತಾಗಲಿಲ್ಲ ಎಂದ.

ಸುದ್ದಿ ತಿಳಿಸಲು ಬೇಲೂರಿಗೆ ಹೋದರೆ ಅತ್ತೆಮನೆಯವರು ಅಕ್ಕನ ಬಳೆ ಒಡೆಯಲು ಕೂತರು. ಮಗ ಬದುಕಿದ್ದಾಗ ಹುಡುಕದವರಿಗೆ ಆಗ ಶಾಸ್ತ್ರ ನೆನಪಾಯಿತು! ಅಕ್ಕ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡು, "ಬತ್ತೀನಿ ಅಂದವ್ರೆ. ನನ್ ತಮ್ಮನ್ನೇ ಕೇಳಿ" ಎಂದಳು.

ಎಲ್ಲರೂ ನನ್ನತ್ತ ತಿರುಗಿದರು. "ಅಂದಿದ್ದು ನಿಜ. ಬಳೆ ಮುಟ್ಟಿದ್ರೆ ಜೋಕೆ" ಎಂದೆ.

ಅಕ್ಕ ಈಗಲೂ ನಮ್ಮ ಮನೆಯಲ್ಲಿದ್ದಾಳೆ, ಕುಂಕುಮ ಇಟ್ಟುಕೊಳ್ಳುತ್ತಾಳೆ. ಬಾಗಿಲು ಬಡಿದ ಸದ್ದಾದರೆ ಅವಳೇ ಮೊದಲು ಏಳುತ್ತಾಳೆ. ನಾನು ಅಂದು ಯಾರನ್ನು ನೋಡಿದೆ, ಯಾರಿಗೆ ಹೊಡೆದೆ, ನನಗೆ ಗೊತ್ತಿಲ್ಲ. ಸತ್ತವನೇ ಆಗಿರಲಿ, ಅಂಥ ಮಾತು ಹೇಳಿ ಅವಳನ್ನು ಹೀಗೆ ಕಾಯಿಸುವುದಕ್ಕೆ ಅವನಿಗೇನು ಅಧಿಕಾರವಿತ್ತು?