ಕೊಟ್ಟಿಗೆಯ ಇಳಿಜಾರು

ನನ್ನ ಚಿಕ್ಕಪ್ಪನ ಮಗಳು ಹೆಗಲ ಮೇಲೆ ಬಾರ್ಬೆಲ್ ಹೊತ್ತು, ಕೆಳಗೆ ಕೂತು ಮೇಲೇಳುವಾಗ ಬಲಕ್ಕೆ ವಾಲುತ್ತಿದ್ದಳು. ಇದ್ದದ್ದು ಇಷ್ಟೇ ಸಮಸ್ಯೆ. ಅದನ್ನು ತಿದ್ದಲು ಹೊರಟ ದೊಡ್ಡಗಾಜನೂರಿನ ಜಿಮ್ ಮಾಸ್ಟರ್ ಅವಳ ಕಾಲೇಜು ಸೀಟನ್ನೇ ಕಳೆದರು ಎಂಬುದು ನನ್ನ ಆರೋಪ. ಘಟ್ಟದ ಕೆಳಗೆ, ತಮಿಳು ಸೀಮೆಯ ಕಾಲೇಜಿನಲ್ಲಿ ಓದುವಾಗ ತಮಿಳು ಚರ್ಚಾಸ್ಪರ್ಧೆಗಳ ವೇದಿಕೆ ಹತ್ತಿಳಿದವನು ನಾನು. ಆರೋಪ ಹೊರಿಸಿದವನೇ ಸಾಬೀತು ಮಾಡಬೇಕು ಅನ್ನುವುದು ಅಲ್ಲಿ ಕಲಿತ ಮೊದಲ ಪಾಠ. ಮಾಡುತ್ತೇನೆ.

ಅದೇ ಕಾಲೇಜಿನಲ್ಲಿ ಕ್ರೀಡಾ ಕೋಟಾ ಇತ್ತು. ಭಾರ ಎತ್ತುವ ಹುಡುಗಿಯರ ತಂಡಕ್ಕೆ ಆಯ್ಕೆಯಾದರೆ ಓದು, ಹಾಸ್ಟೆಲ್ಲು ಎರಡೂ ಬಿಟ್ಟಿ. ತಂಗಿಯ ಅಂಕಗಳಿಗೆ ಬೇರೆ ದಾರಿಯಲ್ಲಿ ಆ ಗೇಟು ತೆರೆಯುತ್ತಿರಲಿಲ್ಲ. ಚಿಕ್ಕವ್ವನಿಗೆ ಇದನ್ನು ವಿವರಿಸಿದಾಗ ಅವಳು ನಕ್ಕು ಸುಸ್ತಾದಳು.

"ಬಸ್ಕಿ ಒಡದ್ರ ಸೀಟ್ ಕೊಟ್ಟಾರಾ? ನಮ್ ಇಸ್ಕೂಲ್ನಲ್ಲಿ ತಪ್ ಮಾಡ್ದೋರ್ಗ ಒಡಸೋರು ಕಣಪ್ಪ."

ಜಿಮ್ ಇದ್ದದ್ದು ಮಾಸ್ಟರ್ ಮನೆಯ ಹಳೆಯ ದನದ ಕೊಟ್ಟಿಗೆಯಲ್ಲಿ. ಸೀಮೆಹಸುಗಳಿಗೆ ಹೊಸ ಶೆಡ್ಡು ಕಟ್ಟಿಸಿದ ಮೇಲೆ ಇದಕ್ಕೆ ಸುಣ್ಣ ಹೊಡೆಸಿ, ಒಂದು ಗೋಡೆಗೆ ಕನ್ನಡಿ ಬಡಿಸಿ, ರಾಡು ಪ್ಲೇಟು ತಂದಿಟ್ಟಿದ್ದರು. ನಮ್ಮ ಬೆಟ್ಟದ ಮೇಲೆ ನಮಗೆ ಗೊತ್ತಿದ್ದ ರಾಡು ಅದೊಂದೇ. ಪೂರ್ವದ ಗೋಡೆಯಲ್ಲಿ ಹುಲಿಯ ಮೇಲೆ ಕೂತ ಮಾದಪ್ಪನ ಪಟ. ಚಪ್ಪಲಿ ಹೊರಗೆ ಬಿಟ್ಟು ಬಂದು, ಪಟಕ್ಕೆ ಕೈಮುಗಿದು, ಮಾದಪ್ಪನಿಗೆ ಮುಖ ಕೊಟ್ಟೇ ಭಾರ ಹೊರಬೇಕು. ರಾಡಿನ ಸ್ಟ್ಯಾಂಡನ್ನು ಹಾಗೆಯೇ ಪೂರ್ವಕ್ಕೆ ತಿರುಗಿಸಿ ನೆಲಕ್ಕೆ ಬೋಲ್ಟು ಹಾಕಿದ್ದರು.

ಮಾಸ್ಟರ್‌ಗೆ ಏನೂ ಗೊತ್ತಿಲ್ಲ ಎಂದು ನಾನು ವಾದಿಸುವುದಿಲ್ಲ. ಮೊದಮೊದಲು ಏಳುವಾಗ ತಂಗಿಯ ಮಂಡಿಗಳು ಒಳಕ್ಕೆ ಸೇರಿಕೊಳ್ಳುತ್ತಿದ್ದವು. ಹಳೆಯ ಸೈಕಲ್ ಟ್ಯೂಬನ್ನು ಮಂಡಿಗಳ ಮೇಲ್ಭಾಗಕ್ಕೆ ಸುತ್ತಿ, "ಟ್ಯೂಬ್ನ ಅರಿಯಂಗ ಆಚ್ಗ ತಳ್ಳು" ಎಂದು ಹೇಳಿ ಹೇಳಿಯೇ ಅದನ್ನು ಸರಿಮಾಡಿದರು. ಎದೆ ಮುಂದಕ್ಕೆ ಬೀಳುತ್ತಿತ್ತು. ಉಸಿರು ತುಂಬಿ ಹೊಟ್ಟೆ ಬಿಗಿಹಿಡಿಯುವುದನ್ನು ಕಲಿಸಿದರು. ಆಳಕ್ಕೆ ಕೂರುವುದನ್ನು ಮಾತ್ರ ಕಲಿಸಬೇಕಾಗಿರಲಿಲ್ಲ. ಈರುಳ್ಳಿ ಹೊಲದಲ್ಲಿ ಕುಕ್ಕರಗಾಲಿನಲ್ಲೇ ಸಾಲು ಮುಗಿಸಿ ಬೆಳೆದವಳಿಗೆ ಹಿಮ್ಮಡಿ ನೆಲಕ್ಕಿಟ್ಟು ಕೂರುವುದನ್ನು ಯಾರು ಕಲಿಸುತ್ತಾರೆ?

ಉಳಿದದ್ದು ಆ ವಾಲುವಿಕೆ. ರಾಡಿನ ಬಲತುದಿ ಕೆಳಗೆ, ಸೊಂಟವೂ ಅತ್ತಲೇ ಜಾರುತ್ತಿತ್ತು.

"ಬಲಗಾಲ್ನ ಒತ್ತವ್ವ! ಬಲಗಾಲ್ನ! ಸತ್ತೋಗದಾ ಅದು?" ಎಂದು ಮಾಸ್ಟರ್ ಕೂಗುತ್ತಿದ್ದರು. ಅವರ ಬಳಿ ಸಿದ್ಧಾಂತವೂ ಒಂದಿತ್ತು. "ಎಣ್ಮಕ್ಳು ಚಿಕ್ಕೋರಿಂದ್ಲೂ ಎಡಸೊಂಟದ ಮ್ಯಾಲ ಕೊಡ ಒತ್ತು ಒತ್ತು ಎಡಗಾಲು ಗಟ್ಟಿ ಆಗೋಯ್ತದ. ಬಲಗಾಲು ಬಡವಾಗ್ತದ."

ತಂಗಿಯನ್ನು ಕರೆದೊಯ್ಯಲು ಹೋಗಿ ಬಾಗಿಲಲ್ಲಿ ನಿಂತಿದ್ದ ನಾನು ಕೇಳಿದೆ: "ಮಾಸ್ಟ್ರೇ, ಈ ಗಂಡುಡುಗ್ರು ಯಾವತ್ತು ಕೊಡ ಒತ್ರು? ಇವ್ರೂ ಬಲಕ್ಕೇ ವಾಲ್ತಾವ್ರಲ್ಲ?"

"ಅವ್ರು ಬೈಕ್ನ ಬಲಗಾಲಲ್ಲಿ ಕಿಕ್ ಒಡ್ದು ಒಡ್ದು ಸವೆಸ್ಕಂಡವ್ರ ಕಣ್ಲಾ."

ಒಂದೇ ರೋಗ, ಆಳಿಗೊಂದು ಕಾರಣ. ದುಡಿದ ಕಾಲು ಇವಳಿಗೆ ಗಟ್ಟಿಯಾಗುತ್ತದೆ, ಅವರಿಗೆ ಸವೆಯುತ್ತದೆ. ಆ ಎರಡು ಕಾರಣಗಳು ಒಂದನ್ನೊಂದು ಕೊಲ್ಲುತ್ತವೆ ಅನ್ನುವುದು ಅಲ್ಲಿ ಯಾರಿಗೂ ಮುಖ್ಯವಾಗಿರಲಿಲ್ಲ. ಅಷ್ಟರಲ್ಲಿ ಯಾರದೋ ಕೈಜಾರಿ ಬಿದ್ದ ಚಿಕ್ಕ ಪ್ಲೇಟೊಂದು ಅಂಚಿನ ಮೇಲೆ ಉರುಳುತ್ತಾ ಹೋಗಿ ದಕ್ಷಿಣದ ಗೋಡೆಗೆ ಬಡಿಯಿತು. ನಾನು ಅದನ್ನು ತಂದು ಬಿಟ್ಟೆ. ಮತ್ತೆ ಅಲ್ಲಿಗೇ ಹೋಯಿತು. ಕುಡಿಯುವ ನೀರಿನ ಚೊಂಬು ತೆಗೆದು ಸ್ಟ್ಯಾಂಡಿನ ನಡುವೆ ಸುರಿದೆ. ನೀರು ನಾಲಗೆ ಚಾಚಿಕೊಂಡು ನೇರ ದಕ್ಷಿಣಕ್ಕೆ ಹರಿಯಿತು. ದನಗಳಿದ್ದ ಕಾಲದಲ್ಲಿ ಆ ಗೋಡೆಯ ಬುಡದಲ್ಲೇ ಗಂಜಲದ ಕಾಲುವೆ. ಗಂಜಲ ಹರಿಯಲೆಂದು ಮಾಸ್ಟರ್ ತಂದೆ ಕೊಟ್ಟ ಇಳಿಜಾರು ಅದು. ಕಾಲುವೆ ಮುಚ್ಚಿಸಿದವರು ಇಳಿಜಾರನ್ನು ಹಾಗೇ ಬಿಟ್ಟಿದ್ದರು. ಪೂರ್ವಕ್ಕೆ ಮುಖ ಮಾಡಿ ನಿಂತವರ ಬಲಪಾದ ತಗ್ಗಿನಲ್ಲಿರುತ್ತದೆ. ವಾಲದೆ ಇನ್ನೇನು ಮಾಡುತ್ತಾರೆ?

"ಕಾಲಿನ ದೋಷ ಅಲ್ಲ ಮಾಸ್ಟ್ರೇ, ನೆಲದ್ದು. ನೀವೇ ನೋಡಿ."

ಅವರು ನೀರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಅರಿಯೋದು ನೀರಿನ್ ಗುಣ ಕಣ್ಲಾ. ನಿನ್ ತಂಗಿ ಏನ್ ನೀರಾ?"

ಇಡೀ ಜಿಮ್ ನಕ್ಕಿತು. ತೀರ್ಪುಗಾರರೇ ನಗುವಾಗ ಪುರಾವೆ ಒದ್ದೆ ನೆಲದ ಮೇಲೆ ಆರಿಹೋಗುತ್ತದೆ. ಆದರೂ ಬಿಡಲಿಲ್ಲ. ಸ್ಟ್ಯಾಂಡನ್ನು ತಿರುಗಿಸಿಬಿಟ್ಟರೆ ಎರಡೂ ಪಾದ ಒಂದೇ ಮಟ್ಟಕ್ಕೆ ಬರುತ್ತವೆ ಎಂದೆ.

"ತೆಂಕ್ಲಾಗಿ ತಿರುಗ್ಸದಾ? ಯಮನ್ ಕಡ್ಗ ಮೊಕ ಮಾಡ್ಕಂಡು ಭಾರ ಒರದಾ?"

"ಬಡಗ್ಲಾಗಿ ತಿರುಗ್ಸಿ."

"ಮಾದಪ್ಪನ್ಗ ಪಕ್ಕೆ ತೋರ್ಸ್ಕಂಡು? ಬಾಳ ಓದ್ಬುಟ್ಟೆ ಕಣ್ಲಾ ನೀನು."

ಮರುದಿನ ಅವರ ಹೊಲಕ್ಕೆ ಕಳೆ ಕೀಳಲು ಹೋಗಿದ್ದ ಚಿಕ್ಕವ್ವ ಸಂಜೆ ನಮ್ಮ ಜಗಲಿಗೆ ಬಂದು ಕೂತಳು. ನಾನು ಮಾಸ್ಟ್ರೇ ಅನ್ನುವವರನ್ನು ಅವಳು ಬುದ್ದಿ ಅನ್ನುತ್ತಾಳೆ. "ಬುದ್ದಿಯೋರು ಬದೀನ್ ಮ್ಯಾಲ ನಿಂತ್ಕಂಡು, ನಿಮ್ ಉಡುಗ ನಮ್ ಕೊಟ್ಗೆಗ ನೀರ್ ಉಯ್ದ ಅಂದ್ರು. ನಗ್ತಾನೇ ಅಂದ್ರು. ನಾಳೀಕ ಕೂಲಿಗ ಕರದಿಲ್ಲ. ಸುಮ್ಕಿರಪ್ಪ, ನಿನ್ ಕಾಲ್ ಕಟ್ಕಂತೀನಿ."

ಸುಮ್ಮನಾಗಲಿಲ್ಲ, ದಾರಿ ಬದಲಿಸಿದೆ. ಒಂದು ಹಲಗೆ ತುಂಡನ್ನು ಕೆತ್ತಿಸಿ, ಬಲಪಾದದ ಕೆಳಗಿಟ್ಟುಕೊಳ್ಳಲು ತಂಗಿಯ ಕೈಯಲ್ಲಿ ಕೊಟ್ಟು ಕಳಿಸಿದೆ. ಹಲಗೆ ಮೇಲೆ ನಿಂತ ಮೊದಲ ಸಲವೇ ರಾಡು ತಕ್ಕಡಿಯಂತೆ ಸಮವಾಗಿತ್ತಂತೆ. ಮಾಸ್ಟರ್ ಅದನ್ನು ಕಾಲಲ್ಲೇ ಸರಿಸಿ ಆಚೆ ಎಸೆದರು. "ಕುಂಟ್ರಿಗ್ ಕೊಡು ಊರ್ಗೋಲ" ಎಂದರಂತೆ.

ಇನ್ನು ಅವಳಿಗೆ ಉಳಿದದ್ದು ಬಲಗಾಲು ಒತ್ತುವುದೊಂದೇ. ಒತ್ತಿದಳು. ಬಲ ಹೆಗಲನ್ನು ಒಂದಿಷ್ಟು ಮೇಲಕ್ಕೆ ತಂದು, ಬಲ ಮಂಡಿಯನ್ನು ಎಡದ್ದಕ್ಕಿಂತ ಮೊದಲೇ ನೆಟ್ಟಗೆ ಮಾಡಿ, ಸೊಂಟವನ್ನು ಎಡಕ್ಕೆ ಎಳೆದುಕೊಂಡು ಏಳುವುದನ್ನು ತಿಂಗಳುಗಟ್ಟಲೆ ಕಲಿತಳು. ಕನ್ನಡಿಯಲ್ಲಿ ರಾಡು ನೆಟ್ಟಗೆ ಕಾಣತೊಡಗಿತು. ಮಾಸ್ಟರ್ ನನ್ನನ್ನು ಕರೆಸಿ ತೋರಿಸಿದರು.

"ಈಗೇನಂತೀಯ ಪಂಡಿತ? ನೆಲ ತಿದ್ದುದ್ನಾ, ಕಾಲ್ ತಿದ್ದುದ್ನಾ?"

ಓರೆ ನೆಲಕ್ಕೆ ತಕ್ಕಂತೆ ಮೈಯನ್ನು ಓರೆ ಮಾಡಿದ್ದೀರಿ ಎಂದೆ. ಸೋತವನ ಹೊಟ್ಟೆಯುರಿ ಎಂದು ಅವರಿಗೆ ಅನ್ನಿಸಿತು. ತಂಗಿಗೂ ಹಾಗೇ ಅನ್ನಿಸಿತೇನೋ. ಅವಳು ನನ್ನ ಕಡೆ ನೋಡಲಿಲ್ಲ.

ಆಯ್ಕೆಗೆ ನಾನೇ ಜೊತೆಗೆ ಹೋದೆ. ಕಾಲೇಜಿನ ಒಳಾಂಗಣದಲ್ಲಿ ರಬ್ಬರು ಹಾಸಿದ, ಮಟ್ಟಗೋಲು ಇಟ್ಟಂಥ ನೆಲ. ಹಗುರ ಭಾರದಲ್ಲಿ ಮೊದಲ ಸಲ ಕೂತು ಎದ್ದಾಗಲೇ ರಾಡಿನ ಎಡತುದಿ ಕೆಳಗಾಯಿತು. ಭಾರ ಹೆಚ್ಚಿಸಿದಷ್ಟೂ ಎಡಕ್ಕೆ ಹೆಚ್ಚು. ಅಲ್ಲಿಯ ತರಬೇತುದಾರ ಹೆಂಗಸು ಎದ್ದು ಬಂದು, ತಂಗಿಯ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿ, ಇನ್ನೊಮ್ಮೆ ಕೂರಿಸಿದರು. ಕೆಳಗಿರುವಾಗ ಸರಿ. ಏಳುವಾಗ ಬಲಗಾಲು ತಾನೇತಾನಾಗಿ ಒತ್ತಿತು. ಕೊನೆಯ ಭಾರದಲ್ಲಿ ಅವಳು ಅಡ್ಡಬಿದ್ದಳು. ಅಕ್ಕಪಕ್ಕದವರು ರಾಡು ಹಿಡಿದುಕೊಂಡರು.

"ಯಾರಮ್ಮಾ ಸೊಲ್ಲಿ ಕುಡುತ್ತಾಂಗ?" ಎಂದು ಆ ಹೆಂಗಸು ಮೆಲ್ಲಗೆ ಕೇಳಿದರು. ಹೇಳಿಕೊಟ್ಟವರು ಯಾರು ಎಂದು.

ತಂಗಿ ಮಂಡಿ ಒರೆಸಿಕೊಂಡು ಎದ್ದಳು. ಬಲವಿದೆ, ಆದರೆ ಹೀಗೇ ಎತ್ತಿದರೆ ಬೆನ್ನು ಹೋಗುತ್ತದೆ, ಕಲಿತದ್ದನ್ನು ಬಿಡಿಸಿ ಮೊದಲಿಂದ ಕಲಿಸಲು ತನಗೆ ಸಮಯವಿಲ್ಲ ಎಂದರು ಆಕೆ. ಅವರ ಮೇಲೆ ನನಗೆ ಯಾವ ಆರೋಪವೂ ಇಲ್ಲ. ಸೀಟು ಬೇರೊಬ್ಬಳಿಗೆ ಹೋಯಿತು.

"ಎಣ್ಮಕ್ಳು ಜನ ಕಂಡ್ರ ಎದ್ರುಕತಾರ, ಏನ್ ಮಾಡಕಾದ್ದು" ಎಂದು ಮಾಸ್ಟರ್ ಊರಿಗೆಲ್ಲ ಹೇಳಿದರು.

ಆ ವರ್ಷದ ಕೊನೆಗೆ ಅವರ ಹಸುವೊಂದು ಸತ್ತು, ಮಗನಿಗೆ ಹೆಣ್ಣು ಒದಗದೆ, ಚಾಮರಾಜನಗರದ ಕಡೆಯಿಂದ ಒಬ್ಬ ವಾಸ್ತುವಿನವನನ್ನು ಕರೆಸಿದರು. ಅವನು ಮನೆಯನ್ನೆಲ್ಲ ಸುತ್ತಿ, ಕೊಟ್ಟಿಗೆಗೂ ಇಣುಕಿ, ಕಬ್ಬಿಣ ಬಡಗಲಿಗೆ ಮುಖ ಮಾಡಲಿ, ಮಾದಪ್ಪನೂ ಅಲ್ಲಿಗೇ ಬರಲಿ ಎಂದ. ಅವನು ಮಂತ್ರಿಸಿ ಕೊಟ್ಟ ನಿಂಬೆಹಣ್ಣನ್ನು ಸ್ಟ್ಯಾಂಡಿನ ಬುಡದಲ್ಲಿ ಕುಯ್ದು, ಮಧ್ಯಾಹ್ನವೇ ಬೋಲ್ಟು ಬಿಚ್ಚಿದರು. ಹುಲಿಯ ಸಮೇತ ಮಾದಪ್ಪ ಉತ್ತರದ ಗೋಡೆಗೆ ಹೋದ. ಈಗ ಅಲ್ಲಿ ಹಿಮ್ಮಡಿ ಚೂರು ತಗ್ಗಿನಲ್ಲಿರುತ್ತದೆ, ನಿಜ. ಆದರೆ ಎಡಬಲ ಸಮ. ಹುಡುಗರ ವಾಲುವಿಕೆ ಒಂದೊಂದಾಗಿ ಮಾಯವಾಗುತ್ತಿದೆಯಂತೆ. ಎಲ್ಲ ವಾಸ್ತುವಿನ ಮಹಿಮೆ. ನೀರಿಗೆ ಒಪ್ಪದವರು ನಿಂಬೆಹಣ್ಣಿಗೆ ಒಪ್ಪಿದರು.

ತಂಗಿ ಈಗ ಮನೆಯಲ್ಲೇ ಕೂತು ಪರೀಕ್ಷೆ ಕಟ್ಟುವ ಡಿಗ್ರಿಗೆ ಸೇರಿದ್ದಾಳೆ. ಹಗಲು ಚಿಕ್ಕವ್ವನ ಜೊತೆ ಕಳೆಗೆ ಹೋಗುತ್ತಾಳೆ, ಸಂಜೆ ಅದೇ ಜಿಮ್ಮಿಗೆ. ಬಲಗಾಲಿನ ಒತ್ತನ್ನು ಮರೆಯಲು ಅವಳಿಗೆ ಕಲಿತದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಮೊನ್ನೆ ಹೊರಡುತ್ತಿದ್ದವಳನ್ನು ತಡೆದು ಹೇಳಿದೆ: "ನಾನೂ ಬತ್ತೀನಿ. ಇಳಿಜಾರಿನ ವಿಷ್ಯನ ಎಲ್ರ ಮುಂದ ಅವ್ರ ಬಾಯಲ್ಲೇ ಒಪ್ಪುಸ್ತೀನಿ."

"ಒಪ್ಪುಸ್ಬುಟ್ಟು?"

"ನಿಂದಲ್ಲ ತಪ್ಪು ಅಂತ ಊರ್ಗ ಗೊತ್ತಾಗ್ಲಿ."

"ಊರು ಸೀಟ್ ಕೊಟ್ಟದಾ?" ಅವಳು ಚಪ್ಪಲಿ ಮೆಟ್ಟಿದಳು. "ಅವ್ರು ಮುನಿಸ್ಕಂಡು ಬಾಗ್ಲಾಕಂಡ್ರ ರಾಡೂ ಓಯ್ತದ. ನೀ ಬರ್ಬ್ಯಾಡಣ್ಣ."