ಕೆಂಪು ಅಂತ ಬರೆದ ಬಿಳಿ ಕಾರು

ಅಪ್ಪನ ಕಾರು ಬಿಳಿಯದು. ಇದನ್ನು ಎಷ್ಟು ಜನರಿಗೆ, ಎಷ್ಟು ಸಲ ಹೇಳಿದೆನೋ, ಈಗ ನೆನೆಸಿಕೊಂಡರೂ ಸುಸ್ತಾಗುತ್ತದೆ. ಪೆಟ್ರೋಲಿಗೂ ಓಡುತ್ತಿತ್ತು, ಗ್ಯಾಸಿಗೂ ಓಡುತ್ತಿತ್ತು. ಅಪ್ಪ ಅದನ್ನು "ಎರಡು ಹೊಟ್ಟಿ ಗಾಡಿ" ಅನ್ನುತ್ತಿದ್ದ. ಕಂಪ್ಲಿಯಲ್ಲಿ ನಮ್ಮದೊಂದು ಸಣ್ಣ ರೈಸ್ ಮಿಲ್ಲು. ದಿನಾ ಬೆಳಿಗ್ಗೆ ಹೊಸಪೇಟೆಯ ಮನೆಯಿಂದ ಅಪ್ಪ ಗಾಡಿ ತೆಗೆಯುವುದು, ಅವ್ವ ಪಕ್ಕದಲ್ಲಿ ಹತ್ತಿ ಕೂರುವುದು. ಅವ್ವನ ತವರು ಕಂಪ್ಲಿ. ಮೊಣಕಾಲು ನೋವು ಅಂತ ನರಳುತ್ತಲೇ ಈಕೆ ದಿನಾ ತವರಿಗೆ ಓಡುತ್ತಾಳಲ್ಲ ಎಂದು ನಾನು ಗೊಣಗುತ್ತಿದ್ದೆ. ಮನೆಯಲ್ಲಿ ನಾವು ಮೂರೇ ಜನ. ನಾನು ಹೈಸ್ಕೂಲ್ ಟೀಚರು. ಅಡುಗೆಯಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಎಲ್ಲ ನನ್ನ ತಲೆಯ ಮೇಲೆ.

ಒಂದು ದಿನ ಇಬ್ಬರೂ ಮೆಟ್ರಿ ಹಳ್ಳಿಯಲ್ಲಿ ಮಿಲ್ಲಿಗೆ ಭತ್ತ ನೋಡಿಕೊಂಡು ವಾಪಸ್ ಬರುವಾಗ, ಪಾಪಿನಾಯಕನಹಳ್ಳಿಯ ಹತ್ತಿರ, ಮಟಮಟ ಮಧ್ಯಾಹ್ನ ಗಾಡಿ ಅದಿರಿನ ಲಾರಿಯೊಂದರ ಹಿಂಭಾಗಕ್ಕೆ ಹೋಗಿ ಗುದ್ದಿತು. ಆ ವರ್ಷಗಳಲ್ಲಿ ನಮ್ಮ ಕಡೆ ರಸ್ತೆ ಅಂದರೆ ಲಾರಿ, ಲಾರಿಯ ಹಿಂದೆ ಲಾರಿ. ಅಪ್ಪನ ಹಣೆಗೆ ಹೊಲಿಗೆ ಬಿತ್ತು, ಅವ್ವನ ಮುಂಗೈ ಮುರಿಯಿತು.

"ಆ ಲಾರಿಯವ ತಟ್ಟನ ಬ್ರೇಕ್ ಹೊಡದ. ನಾನೇನ್ ಮಾಡ್ಲಿ?" ಅಂದ ಅಪ್ಪ. ಅವ್ವನನ್ನು ಕೇಳಿದರೆ, "ನನಗೇನೂ ಗೊತ್ತಿಲ್ಲವ್ವ, ಬಿಟ್ಟುಬಿಡು" ಎಂದು ಗೋಡೆಯ ಕಡೆ ಹೊರಳಿದಳು. ಇನ್ಶೂರೆನ್ಸಿನ ಕ್ಲೇಮ್ ಫಾರ್ಮಿನಲ್ಲಿ ಅಪ್ಪ ಹೇಳಿದ್ದನ್ನೇ ದುಂಡಗೆ ಬರೆದೆ.

ಗಾಡಿ ರಿಪೇರಿಗೆ ಬರುವಂತಿರಲಿಲ್ಲ. ಗ್ಯಾರೇಜಿನವನು ನೋಡಿದ ಕೂಡಲೇ "ಟೋಟಲ್ ಲಾಸ್ ರೀ ಅಕ್ಕಾರ" ಎಂದುಬಿಟ್ಟ. ಅವನ ಗ್ಯಾರೇಜು ಊರ ಹೊರಗೆ, ಅದಿರಿನ ರಾಶಿಗಳ ಮಗ್ಗುಲಲ್ಲೇ. ಮೂರು ವಾರ ಗಾಡಿ ಅಲ್ಲಿ ಬಯಲಲ್ಲಿ ನಿಂತಿತು. ಕೊನೆಗೊಮ್ಮೆ ಬೆಂಗಳೂರಿನಿಂದ ಇನ್ಶೂರೆನ್ಸಿನ ಸರ್ವೇಯರ್ ಬಂದರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಗಾಡಿಗೆ ಒಂದು ಬೆರಳೂ ತಾಗಿಸದೆ ಫೋಟೋ ಹೊಡೆದುಕೊಂಡು ಹೋದರು. ಅವರ ವರದಿಯಲ್ಲಿ ಗಾಡಿಯ ಬಣ್ಣ: ಕೆಂಪು. ಆರ್‌ಸಿ ಪುಸ್ತಕದಲ್ಲಿ: ಬಿಳಿ. ಪುಣ್ಯಾತ್ಮನಿಗೆ ಅದು ಧೂಳು ಅಂತ ತಿಳಿಯಲೇ ಇಲ್ಲ! ಅಪ್ಪ ಬೇರೆ ಯಾರದೋ ಗಾಡಿ ತೋರಿಸಿದ್ದಾನೆ ಎಂಬ ಅನುಮಾನ ಅವರಿಗೆ.

ಬಣ್ಣ ಹೊಂದುತ್ತಿಲ್ಲ, ವಿವರಣೆ ಕೊಡಿ, ಹೊಸ ಫೋಟೋ ಕಳಿಸಿ ಎಂಬ ಪತ್ರ ಬಂದದ್ದು ಫಾರ್ಮಿನಲ್ಲಿ ನಾನು ಕೊಟ್ಟಿದ್ದ ನನ್ನ ಶಾಲೆಯ ವಿಳಾಸಕ್ಕೆ. ಒಂದು ಬಕೆಟ್ ನೀರು, ಒಂದು ಬಟ್ಟೆ ಸಾಕಿತ್ತು. ನಾನು ಪತ್ರವನ್ನು ಮಡಚಿ ಉತ್ತರಪತ್ರಿಕೆಗಳ ಕಟ್ಟಿನ ಕೆಳಗೆ ಇಟ್ಟೆ.

ಸುಳ್ಳು ಯಾಕೆ ಹೇಳಲಿ, ನನಗೆ ಆ ಕ್ಲೇಮ್ ಬರುವುದು ಬೇಕಿರಲಿಲ್ಲ. ಹಣ ಬಂದರೆ ಹೊಸ ಗಾಡಿ ಬರುತ್ತದೆ, ಗಾಡಿ ಬಂದರೆ ಅಪ್ಪ ಮತ್ತೆ ಆ ಲಾರಿಗಳ ನಡುವೆ ನುಗ್ಗುತ್ತಾನೆ. ಗಾಡಿ ಬಿಡು ಅಂದರೆ ಕೇಳುವ ಮನುಷ್ಯನಲ್ಲ. ಎರಡು ದಿನ ಊಟ ಬಿಟ್ಟಾನು, ಸ್ಟೇರಿಂಗ್ ಬಿಡಲಾರ. ಸಂಜೆ ನಾನು ಚಪ್ಪಲಿ ಕಳಚುವ ಮೊದಲೇ ಕೇಳುತ್ತಿದ್ದ: "ಏನಾರ ಪತ್ರ ಬಂತೇನವ್ವ?"

"ಇಲ್ಲಪ್ಪ."

"ಇವರ ಮನಿ ಹಾಳಾಗ, ಏನ್ ಮಾಡಾಕತ್ತಾರ ಇಷ್ಟು ದಿನ?"

ನನಗೆ ನಾಚಿಕೆಯಾಗುತ್ತಿತ್ತು. ಆದರೂ ಮರುದಿನ ಅದೇ ಮಾತು ಹೇಳುತ್ತಿದ್ದೆ.

ಅವ್ವನ ಕೈಗೆ ಪ್ಲಾಸ್ಟರ್ ಇದ್ದದ್ದರಿಂದ ಅಪ್ಪ ಒಬ್ಬನೇ ಬಸ್ಸಿನಲ್ಲಿ ಮಿಲ್ಲಿಗೆ ಹೋಗಿಬರತೊಡಗಿದ. ಒಂದು ದಿನ ಕಂಪ್ಲಿ ಬಸ್ಸು ಅಂದುಕೊಂಡು ಸಂಡೂರಿನ ಬಸ್ಸು ಹತ್ತಿದ್ದಾನೆ. ಟಿಕೆಟ್ ಕೇಳಿದಾಗ ಗೊತ್ತಾಯಿತಂತೆ. ನಡುದಾರಿಯಲ್ಲಿ ಇಳಿಯಲಾಗದೆ ಸಂಡೂರಿನವರೆಗೂ ಹೋಗಿ, ಅಲ್ಲಿ ಬಿಸಿಲಲ್ಲಿ ಕಾದು, ಹೊತ್ತು ಇಳಿಯುವಾಗ ಮನೆಗೆ ಬಂದ. ತಲೆಯಿಂದ ಕಾಲಿನವರೆಗೆ ಕೆಂಧೂಳು.

"ಬೋರ್ಡ್ ನೋಡ್ಲಿಲ್ಲೇನಪ್ಪಾ?"

"ಧ್ಯಾನ ಎಲ್ಲೋ ಇತ್ತವ್ವ," ಎಂದು ನಕ್ಕು, ಜಗಲಿಯ ಮೇಲೆ ಹಾಗೇ ಒರಗಿದ. ಅವ್ವ ಏನೋ ಹೇಳಲು ಬಾಯಿ ತೆರೆದವಳು ನೀರು ತರಲು ಒಳಗೆ ಹೋದಳು.

ಈ ವಯಸ್ಸಿನಲ್ಲಿ ಹೆತ್ತ ತಂದೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಅಲೆಸಿದೆನಲ್ಲ, ನಾನೂ ಒಬ್ಬಳು ಮಗಳೇ! ಮಾರನೆಯ ದಿನ ರಜೆ ಹಾಕಿ ಗ್ಯಾರೇಜಿಗೆ ಹೋದೆ. ಸೀರೆ ಎತ್ತಿ ಕಟ್ಟಿ, ನಾನೇ ನೀರು ಸುರಿದು ಗಾಡಿ ಉಜ್ಜಿದೆ. ಏಳು ಬಕೆಟ್ ಆದ ಮೇಲೆ ಬಿಳಿ ಕಾಣಿಸಿತು. "ಗುಜರಿಗಿ ಹೋಗೋ ಗಾಡಿಗಿ ಇಷ್ಟು ಸ್ನಾನ ಯಾಕ್ರೀ?" ಎಂದು ಗ್ಯಾರೇಜಿನವನು ನಗುತ್ತಿದ್ದ. ನನಗೆ ನಗುವಷ್ಟು ತ್ರಾಣ ಇರಲಿಲ್ಲ. ಫೋಟೋ ಹೊಡೆಸಿ ಕಳಿಸಿದೆ, ಗಾಡಿ ಬಿಳಿಯದೇ ಎಂದು ಇನ್ಶೂರೆನ್ಸ್ ಆಫೀಸಿನ ಒಬ್ಬೊಬ್ಬರಿಗೂ ಫೋನಿನ ಮೇಲೆ ಫೋನು ಮಾಡಿ ಹೇಳಿದೆ. ಕ್ಲೇಮ್ ಮಂಜೂರಾಯಿತು.

ಹೊಸ ಗಾಡಿಯೂ ಎರಡು ಹೊಟ್ಟೆಯದೇ, ಬಿಳಿಯದೇ ಆಗಬೇಕೆಂದು ಅಪ್ಪನ ಹಟ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಹಂಪಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬರೋಣ ಎಂದು ಬೆಳಿಗ್ಗೆಯೇ ಹೊರಟೆವು. ನಾನು ನಡೆಸುತ್ತೇನೆ ಅಂದೆ. ಲೈಸೆನ್ಸ್ ನನಗೂ ಇದೆ, ಕಂಪ್ಲಿಯ ಕಾಲುವೆ ದಾರಿಯಲ್ಲಿ ಅಪ್ಪನೇ ಕಲಿಸಿದ್ದು. "ಮೊದಲು ನಾ ಒಂದ್ ಸುತ್ತು ಹೊಡೀತೀನಿ ತಡಿ," ಎಂದು ಕೀಲಿ ಕಸಿದುಕೊಂಡ. ಅವ್ವ ಓಡಿಬಂದು ಮುಂದೆ ಕುಳಿತಳು. ನಾನು ಹಿಂದೆ.

ಊರು ದಾಟಿದೆವು. ಅವ್ವನ ಬಾಯಿ ಒಂದೇ ಸಮನೆ ನಡೆದಿತ್ತು. "ಎಡಕ್ಕ ಎಮ್ಮಿ ಅದಾವ್ರಿ. ಬಸ್ ಬರಾಕತ್ತೈತಿ, ಹೋಗ್ಲಿ ಬಿಡ್ರಿ. ಹಂಪ್ಸ್ ಬಂತು, ಸಾವಕಾಶ." ಏಟು ತಿಂದ ಹೆದರಿಕೆ, ಪಾಪ, ಅಂದುಕೊಂಡೆ. ಆಮೇಲೆ ಗಮನಿಸಿದೆ: ಅವ್ವ ಹೇಳಿದ ಮೇಲೆಯೇ ಅಪ್ಪನ ಕೈ ತಿರುಗುತ್ತಿತ್ತು. ಹೇಳುವ ಮೊದಲು ಒಮ್ಮೆಯೂ ತಿರುಗಲಿಲ್ಲ.

ಕಮಲಾಪುರದ ಹತ್ತಿರ ಅವ್ವನಿಗೆ ಕೆಮ್ಮು ಹತ್ತಿತು. ಸೆರಗು ಬಾಯಿಗೊತ್ತಿಕೊಂಡು ಬಗ್ಗಿದಳು. ಎದುರಿಗೆ ಕಬ್ಬಿನ ಬಂಡಿಯೊಂದು ನಿಂತಿತ್ತು, ಮನೆಯಷ್ಟು ಎತ್ತರ ಹೇರಿಕೊಂಡು. ಗಾಡಿ ನೇರ ಅದರ ಕಡೆಗೇ ಹೋಗುತ್ತಿತ್ತು.

"ಅಪ್ಪಾ! ಬಂಡಿ!"

ಬ್ರೇಕು ಕಿರುಚಿತು. ಕಬ್ಬಿನ ಸೋಗೆ ಗಾಜಿಗೆ ತಾಗುವಷ್ಟು ಹತ್ತಿರ ನಿಂತೆವು.

"ಎಷ್ಟು ದಿನ ಆತಿದು?" ಎಂದೆ ನಾನು, ಅವರಿಬ್ಬರ ನಡುವೆ ಮುಂದಕ್ಕೆ ಬಾಗಿ.

ಅಪ್ಪ ಸ್ಟೇರಿಂಗ್ ಹಿಡಿದು ಹಾಗೇ ಕುಳಿತಿದ್ದ. ಅವ್ವ ಹೇಳಿದಳು: "ಎರಡು ಯುಗಾದಿ ಆದ್ವು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ರು. ಅವತ್ತು ಮೆಟ್ರಿಯಾಗ ಹೊಟ್ಟಿ ತುಂಬ ಉಂಡಿದ್ದೆ ನೋಡವ್ವ, ಒಂದೀಟು ಕಣ್ಣು ಹತ್ತಿಬಿಡ್ತು ನನಗ. ಲಾರಿ ನಿಂತೇ ಇತ್ತಂತ. ಇವರದೇನ್ ತಪ್ಪಿಲ್ಲ. ನಂದು." ಹೇಳುತ್ತ ಹೇಳುತ್ತ ಅಳತೊಡಗಿದಳು.

ಎರಡು ವರ್ಷ. ತವರಿನ ಹುಚ್ಚು ಅಂದಿದ್ದೆ ನಾನು.

ಅಪ್ಪ ಕೆಳಗಿಳಿದ. ಗಾಡಿಯ ಮೈಮೇಲೆ ಅಂಗೈ ಆಡಿಸುತ್ತ ಹಿಂದಿನ ಬಾಗಿಲಿಗೆ ಬಂದು, ನಾನು ಇಳಿಯುವವರೆಗೆ ಕಾದು, ನನ್ನ ಜಾಗದಲ್ಲಿ ಕುಳಿತ. ನಾನು ಮುಂದೆ ಹೋಗಿ ಗಾಡಿ ಚಾಲೂ ಮಾಡಿ ರಿವರ್ಸ್ ತೆಗೆದೆ. ಅವ್ವ ಕಣ್ಣೊರೆಸಿಕೊಂಡು ರಸ್ತೆ ನೋಡಿದಳು.

"ಬಲಕ್ಕ ತೊಗೋ. ಮುಂದ ಇನ್ನೊಂದು ಬಂಡಿ ಐತಿ—"

"ಸಾಕು ಬಿಡು," ಅಂದ ಅಪ್ಪ ಹಿಂದಿನಿಂದ. "ಅಕಿಗೆ ಕಾಣ್ತೈತಿ."